ಫ್ರೆಶರ್ ಆಗಿ ಬರ್ಲಿನ್‌ನಲ್ಲಿ ಕೆಲಸ ಹಿಡಿದದ್ದು: ನನ್ನ ಅನುಭವ

2024ರಲ್ಲಿ ದಾವಣಗೆರೆಯಲ್ಲಿ ಬಿ.ಇ. ಮುಗಿಸಿದೆ. ಮಾರನೇ ವರ್ಷ ಬರ್ಲಿನ್‌ನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಸೇರಿದೆ. ಮಾಸ್ಟರ್ಸ್ ಮಾಡಲಿಲ್ಲ, ಏಜೆಂಟ್ ಹಿಡಿಯಲಿಲ್ಲ. ಜೂನಿಯರ್‌ಗಳು ‘ಹೇಗೆ ಸಿಕ್ತು?’ ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿಯೇ ಇದು.

ಜಾಹೀರಾತು ನೋಡುವ ಮೊದಲು ನಾನು ಕೂತು ಓದಿದ್ದು ವೀಸಾ ನಿಯಮಗಳನ್ನು. ಅಮೆರಿಕದ ಎಚ್-1ಬಿ ಎಂಬ ಕೆಲಸದ ವೀಸಾಗೆ ವರ್ಷಕ್ಕೆ 85,000ದ ಮಿತಿ. ಮಾರ್ಚ್‌ನಲ್ಲಿ ಲಾಟರಿ, ಗೆದ್ದರೆ ಅಕ್ಟೋಬರ್‌ನಲ್ಲಿ ಕೆಲಸ. ಹೊಸಬರಿಗಾಗಿ ಯಾವ ಕಂಪನಿ ಅಷ್ಟು ದಿನ ಕಾಯುತ್ತದೆ? ಬ್ರಿಟನ್‌ನಲ್ಲಿ ಕಂಪನಿಯ ಹತ್ತಿರ ಸ್ಪಾನ್ಸರ್ ಲೈಸೆನ್ಸ್, ಅಂದರೆ ವಿದೇಶದವರನ್ನು ಕೆಲಸಕ್ಕೆ ಕರೆಸಿಕೊಳ್ಳಲು ಸರ್ಕಾರದ ಪರವಾನಗಿ, ಇರಬೇಕು. ಜರ್ಮನಿಯಲ್ಲಿ ಲಾಟರಿಯೂ ಇಲ್ಲ, ಲೈಸೆನ್ಸೂ ಬೇಕಿಲ್ಲ. ಪದವಿಗೆ ಅಲ್ಲಿ ಮಾನ್ಯತೆ, ಕನಿಷ್ಠ 6 ತಿಂಗಳ ಕರಾರು, ನಿಗದಿಪಡಿಸಿದಷ್ಟು ಸಂಬಳ ಇದ್ದರೆ ಬ್ಲೂ ಕಾರ್ಡ್‌ಗೆ, ಅಂದರೆ ಪದವೀಧರರಿಗೆ ಅಲ್ಲಿ ಇದ್ದು ಕೆಲಸ ಮಾಡಲು ಕೊಡುವ ಪರವಾನಗಿಗೆ, ಅರ್ಜಿ ಹಾಕಬಹುದು. ಪದವಿ ಮುಗಿದು 3 ವರ್ಷ ದಾಟದವರಿಗೆ ಸಂಬಳದ ಮಿತಿ ಕಡಿಮೆ. 2025ರಲ್ಲಿ ಅದು ವರ್ಷಕ್ಕೆ 43,759.80 ಯೂರೋ ಇತ್ತು. ಪ್ರತಿ ವರ್ಷ ಬದಲಾಗುತ್ತದೆ, ಹೊಸ ಅಂಕಿ ನೋಡಿಕೊಳ್ಳಿ.

ಮಾನ್ಯತೆ ನೋಡಲು ಅನಾಬಿನ್ ಎಂಬ ಸರ್ಕಾರಿ ಡೇಟಾಬೇಸ್ ಇದೆ. ವಿಶ್ವವಿದ್ಯಾಲಯದ ಮುಂದೆ ‘ಎಚ್ ಪ್ಲಸ್’ (ಮಾನ್ಯತೆ ಇದೆ ಎಂಬ ಗುರುತು) ಇರಬೇಕು. ನಿಮ್ಮ ಪದವಿಯೂ ಅದರಲ್ಲಿ ಇರಬೇಕು. ನನಗೆ ನಮ್ಮ ವಿಟಿಯು, ನನ್ನ ಪದವಿ ಎರಡೂ ಸಿಕ್ಕವು, ಎರಡೂ ಪುಟ ಪ್ರಿಂಟ್ ತೆಗೆದಿಟ್ಟೆ. ಪದವಿ ಸಿಗದಿದ್ದರೆ ವಿದೇಶಿ ಪದವಿಗಳನ್ನು ಪರಿಶೀಲಿಸುವ ಜೆಡ್‌ಎಬಿ ಕಚೇರಿಯಿಂದ ಹೋಲಿಕೆ ಪತ್ರ ತರಿಸಬೇಕು.

ಹೊಸಬರನ್ನು ದೂರದಿಂದ ಕರೆಸಿಕೊಳ್ಳಲು ಸಣ್ಣ ಕಂಪನಿ ಹಿಂಜರಿಯುವುದು ಕೋಡಿಂಗ್ ಬರುತ್ತೋ ಇಲ್ಲವೋ ಅಂತಲ್ಲ. ‘ಈ ವೀಸಾ ಗೋಜಲು ನಮಗ್ಯಾಕೆ?’ ಅಂತ. ಹಾಗಾಗಿ ಪ್ರತಿ ಅರ್ಜಿಯ ಮೊದಲ ನಾಲ್ಕು ಸಾಲಿನಲ್ಲೇ ಅದಕ್ಕೆ ಉತ್ತರ ಬರೆದೆ: ನನ್ನ ಪದವಿಗೆ ಮಾನ್ಯತೆ ಇದೆ, ಬ್ಲೂ ಕಾರ್ಡ್‌ಗೆ ಅರ್ಹ, ನಿಮ್ಮಿಂದ ಬೇಕಾದದ್ದು ಕರಾರು ಮತ್ತು ಒಂದು ಉದ್ಯೋಗ ಘೋಷಣೆಯ ಫಾರ್ಮ್ ಮಾತ್ರ. ಈ ಸಾಲುಗಳನ್ನು ಸೇರಿಸಿದ ಮೇಲೆ ಉತ್ತರಗಳು ಬರತೊಡಗಿದವು. ಬರೀ ರೆಸ್ಯೂಮೆ ಕಳಿಸಿದಾಗ ಹೀಗಾಗಿರಲಿಲ್ಲ.

ಕೆಲಸ ಕೊಡಿಸಿದ್ದು ಮಾತ್ರ ಓಪನ್ ಸೋರ್ಸ್‌ನಲ್ಲಿ, ಅಂದರೆ ಯಾರು ಬೇಕಾದರೂ ನೋಡಿ ತಿದ್ದಬಹುದಾದ ಕೋಡ್‌ನಲ್ಲಿ, ಮಾಡಿದ ಒಂದು ತಿದ್ದುಪಡಿ. ಉದ್ದದ ಪಠ್ಯವನ್ನು ಕತ್ತರಿಸಿ ತೋರಿಸುವ ಒಂದು ಲೈಬ್ರರಿಯಲ್ಲಿ (ಬೇರೆ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್) ನಮ್ಮ ಒತ್ತಕ್ಷರಗಳು ಮುರಿಯುತ್ತಿದ್ದವು. ‘ಕನ್ನಡ’ ಅಂದರೆ ಓದುವವರಿಗೆ ಮೂರು ಅಕ್ಷರ, ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ಐದು ಸಂಕೇತ. ಮೂರಕ್ಕೆ ಕತ್ತರಿಸಿದರೆ ‘ಕನ್’ ಅಂತ ನಿಲ್ಲುತ್ತದೆ. ಸಂಕೇತ ಎಣಿಸುವ ಬದಲು ಕಣ್ಣಿಗೆ ಕಾಣುವ ಅಕ್ಷರಗುಚ್ಛ ಎಣಿಸುವಂತೆ ತಿದ್ದಿದೆ, ಟೆಸ್ಟ್‌ಗಳನ್ನೂ ಬರೆದೆ. ಸಂದರ್ಶನದಲ್ಲಿ ಹೆಚ್ಚಿನ ಹೊತ್ತು ಅದರ ಬಗ್ಗೆಯೇ ಮಾತು. ಎಮೋಜಿ ಬಂದರೆ? ವೇಗ ಎಷ್ಟು ಕಡಿಮೆಯಾಗುತ್ತದೆ? ಅದು ನಾನೇ ಮಾಡಿದ ಕೆಲಸ, ಅದಕ್ಕೇ ಉತ್ತರಗಳು ತಾವಾಗಿ ಬಂದವು. ಎಲ್ಲರೂ ಮಾಡುವ ಟು-ಡೂ ಆ್ಯಪ್ ತೋರಿಸಿದ್ದರೆ ಇಷ್ಟು ಮಾತು ಎಲ್ಲಿಂದ ಬರಬೇಕು, ಅಲ್ವಾ?

ಆಫರ್ ಬಂದಾಗ ಸಂಬಳ 42,000 ಯೂರೋ ಅಂದರು. ನಮ್ಮ ರೂಪಾಯಿ ಲೆಕ್ಕದಲ್ಲಿ ಜಾಸ್ತಿಯೇ. ಆದರೆ ಅದು ಬ್ಲೂ ಕಾರ್ಡ್ ಮಿತಿಗಿಂತ ಕೆಳಗಿತ್ತು. ವಿನಯದಿಂದಲೇ ನಿಯಮದ ಪುಟ ಕಳಿಸಿದೆ. 45,000ಕ್ಕೆ ಕರಾರು ತಿದ್ದಿ ಕೊಟ್ಟರು. ಹೊಸಬರು ಸಂಬಳದ ಮಾತೆತ್ತಬಾರದು ಅನ್ನುವವರ ಮಾತು ದಯವಿಟ್ಟು ಕೇಳಬೇಡಿ. ಇಲ್ಲಿ ಕೇಳದಿದ್ದರೆ ಈ ಕಾರ್ಡೇ ಸಿಗುತ್ತಿರಲಿಲ್ಲ. ಹಾಗೆಯೇ, ಆಫರ್ ಕೊಡಿಸಲು ದುಡ್ಡು ಕೇಳುವವರಿಂದ ದೂರ ಇರಿ. ನನಗೂ ಅಂಥ ಕರೆಗಳು ಬಂದವು. ಫೋನ್ ಇಟ್ಟುಬಿಟ್ಟೆ.

ವೀಸಾಗೆ ಬೆಂಗಳೂರಿನಲ್ಲೇ ಅರ್ಜಿ ಕೊಟ್ಟೆ. ನಮ್ಮ ತಂಡದ ಮಾತುಕತೆ ಇಂಗ್ಲಿಷ್‌ನಲ್ಲೇ ನಡೆಯುತ್ತದೆ. ಆದರೂ ಸಂಜೆ ಜರ್ಮನ್ ಕ್ಲಾಸಿಗೆ ಹೋಗುತ್ತೇನೆ. ಬ್ಲೂ ಕಾರ್ಡ್ ಇದ್ದವರಿಗೆ ಬಿ1 ಮಟ್ಟದ (ಮಧ್ಯಮ) ಜರ್ಮನ್ ಬಂದರೆ 21 ತಿಂಗಳಿಗೆ ಕಾಯಂ ವಾಸದ ಅರ್ಜಿ ಹಾಕಬಹುದು, ಎ1 (ಆರಂಭಿಕ ಮಟ್ಟ) ಮಾತ್ರ ಇದ್ದರೆ 27 ತಿಂಗಳು ಕಾಯಬೇಕು. ಊರಲ್ಲಿ ಕೂತು ಕಾಯುವ ತಿಂಗಳುಗಳಲ್ಲೇ ಎ1 ಮುಗಿಸಿಕೊಂಡು ಬನ್ನಿ.