ಮತ್ತೆ ಮತ್ತೆ ಸುಟ್ಟ ಬಲಭಾಗ: ಅಂಕೋಲೆಯ ಹಳೆಯ ಆಂಪ್ಲಿಫೈಯರ್ ರಿಪೇರಿ

ಘಟ್ಟದ ಕೆಳಗಿನಿಂದ ಬಂದ ಸೆಟ್ಟನ್ನು ಮುಚ್ಚಳ ತೆಗೆಯುವ ಮೊದಲೇ ಗುರುತಿಸಬಹುದು. ಸ್ಕ್ರೂಗಳ ತಲೆ ತುಕ್ಕು ಹಿಡಿದು ತಿರುಗಲು ಒಪ್ಪುವುದಿಲ್ಲ. ಹಿಂಬದಿಯ ಸಾಕೆಟ್‌ಗಳ ಮೇಲೆ ಹಸಿರು ಕಿಲುಬು ಕೂತಿರುತ್ತದೆ. ನಮ್ಮ ಶಿರಸಿ, ಸಿದ್ದಾಪುರದ ಕಡೆಯ ಸೆಟ್‌ಗಳ ಕಾಯಿಲೆ ಬೇರೆ. ಅವುಗಳಲ್ಲಿ ಇರುವೆಯ ಗೂಡು, ಕರೆಂಟ್ ಹೊಡೆದು ಸತ್ತ ಹಲ್ಲಿ, ಅಡಿಕೆ ಅಟ್ಟದ ಹೊಗೆಯ ಮಸಿ. ಹಲ್ಲಿಯನ್ನು ತೆಗೆದು ಎಸೆದರೆ ಆಯಿತು. ಉಪ್ಪುಗಾಳಿ ಹಾಗಲ್ಲ, ಅದು ಮಾಡಿದ ಹಾನಿಯನ್ನು ಒಂದೊಂದೇ ಭಾಗ ಬಿಚ್ಚಿ ಹುಡುಕಬೇಕು.

ಅಂಕೋಲೆಯ ನಿವೃತ್ತ ಮಾಸ್ತರರೊಬ್ಬರು ತಂದದ್ದು 1970ರ ದಶಕದ ಕೊನೆಯ ಜಪಾನಿ ಆಂಪ್ಲಿಫೈಯರ್. ಅವರ ಅಣ್ಣ ಕುವೈತಿನಲ್ಲಿದ್ದಾಗ ತಂದುಕೊಟ್ಟದ್ದಂತೆ. ಮರದ ಹೊದಿಕೆ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಬಲಭಾಗದ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು, ಅಂದರೆ ಸ್ಪೀಕರಿಗೆ ಕರೆಂಟ್ ಕೊಡುವ ಕೊನೆಯ ಜೋಡಿ, ಸುಟ್ಟಿದ್ದವು. ಬೇರೆಡೆ ಬದಲಿಸಿಕೊಂಡಿದ್ದರು, ಅವೂ ಸುಟ್ಟವು, ಮತ್ತೆ ಬದಲಿಸಿದರು, ಮತ್ತೆ ಸುಟ್ಟವು.

“ಹೊಸ ಜೋಡಿ ಹಾಕಿಕೊಡಿ, ಬೇರೇನೂ ಬೇಡ” ಎಂದರು.

“ಹಾಕುತ್ತೇನೆ ಮಾಸ್ತರೇ. ಆದರೆ ಮೊದಲಿನವು ಯಾಕೆ ಹೋದವು ಎಂದು ತಿಳಿಯದೆ ಹಾಕಿದರೆ, ಸೋರುವ ಮಾಡಿನ ಕೆಳಗೆ ಪಾತ್ರೆ ಬದಲಿಸಿದಂತೆ ಆಗುತ್ತದೆ” ಎಂದೆ.

ಬಿಚ್ಚಿದ ಕೂಡಲೇ ಕೈ ಹಾಕಬಾರದ ಜಾಗವೊಂದಿದೆ. ಇದರಲ್ಲಿ 10,000 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್‌ಗಳಿವೆ. ಫ್ಯೂಸ್ ಹೋಗಿದ್ದರೆ ಅವುಗಳಲ್ಲಿ ತುಂಬಿದ ಕರೆಂಟ್ ಹರಿದುಹೋಗಲು ದಾರಿಯೇ ಇರುವುದಿಲ್ಲ, ಪ್ಲಗ್ ಕಿತ್ತ ಎಷ್ಟೋ ಹೊತ್ತಿನ ನಂತರವೂ ಉಳಿದಿರುತ್ತದೆ. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವವರಿದ್ದಾರೆ. ಅದರಿಂದ ಕೆಪಾಸಿಟರಿಗೂ ಬೋರ್ಡಿನ ತಾಮ್ರದ ಗೆರೆಗಳಿಗೂ ಪೆಟ್ಟು. ನಾನು 100 ಓಮ್, 10 ವಾಟ್‌ನ ರೆಸಿಸ್ಟರಿಗೆ ವೈರು ಕಟ್ಟಿ ಇಟ್ಟುಕೊಂಡಿದ್ದೇನೆ. ಅದನ್ನು ಐದಾರು ಸೆಕೆಂಡು ಹಿಡಿದು, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಮುಂದಿನ ಕೆಲಸ.

ಬಲಭಾಗದಲ್ಲಿ ಕೂತಿದ್ದವು 2ಎನ್3055 ಮತ್ತು ಎಂಜೆ2955 ನಂಬರಿನ ಟ್ರಾನ್ಸಿಸ್ಟರ್‌ಗಳು. ಕಬ್ಬಿಣದ ಟೋಪಿಯಂಥ ಈ ಜಾತಿಯ ಟ್ರಾನ್ಸಿಸ್ಟರ್ ನಮ್ಮ ಕಡೆಯ ಯಾವ ರಿಪೇರಿ ಅಂಗಡಿಯ ಡಬ್ಬಿಯಲ್ಲಾದರೂ ಸಿಗುತ್ತದೆ. ರಂಧ್ರಗಳಿಗೂ ಸರಿಯಾಗಿ ಕೂರುತ್ತದೆ, ಆದ್ದರಿಂದಲೇ ಹಾಕಿದ್ದರು. ಕಳಚಿ ಮೀಟರನ್ನು ಡಯೋಡ್ ಸ್ಥಾನದಲ್ಲಿಟ್ಟು ನೋಡಿದೆ. ಟ್ರಾನ್ಸಿಸ್ಟರಿಗೆ ಬೇಸ್, ಎಮಿಟರ್, ಕಲೆಕ್ಟರ್ ಎಂದು ಮೂರು ತುದಿಗಳು. ಒಳ್ಳೆಯದಾಗಿದ್ದರೆ ಬೇಸ್‌ಗೂ ಎಮಿಟರಿಗೂ ನಡುವೆ ಒಂದು ದಿಕ್ಕಿನಲ್ಲಿ 0.5ರಿಂದ 0.6 ವೋಲ್ಟ್ ತೋರಬೇಕು, ಕಲೆಕ್ಟರಿಗೂ ಎಮಿಟರಿಗೂ ನಡುವೆ ಏನೂ ತೋರಬಾರದು. ಇಲ್ಲಿ ಎಲ್ಲ ದಿಕ್ಕಿನಲ್ಲೂ ಸೊನ್ನೆ ವೋಲ್ಟ್, ಅಂದರೆ ಒಳಗೆ ಶಾರ್ಟ್. 0.33 ಓಮ್‌ನ ಬಿಳಿ ಎಮಿಟರ್ ರೆಸಿಸ್ಟರ್ ಒಂದು ಬಿರುಕು ಬಿಟ್ಟಿತ್ತು. ಔಟ್‌ಪುಟ್ ಜೋಡಿಯನ್ನು ನಡೆಸುವ, ಅದರ ಹಿಂದಿನ ಹಂತದ ಡ್ರೈವರ್ ಟ್ರಾನ್ಸಿಸ್ಟರ್ ಒಂದು ಹೋಗಿತ್ತು. ಫ್ಯೂಸಿನ ಮೇಲೆ ಯಾರೋ ತಾಮ್ರದ ತಂತಿ ಸುತ್ತಿದ್ದರು. ಇದನ್ನು ಕಂಡರೆ ನನಗೆ ಸಿಟ್ಟು ತಡೆಯುವುದಿಲ್ಲ. ಆ ತಂತಿಯ ದೆಸೆಯಿಂದ ಬೋರ್ಡಿನ ಒಂದು ತಾಮ್ರದ ಗೆರೆಯೇ ಎದ್ದುಬಂದಿತ್ತು.

ಈ ಆಂಪ್ಲಿಫೈಯರಿನ ಒಳಗೆ ಧನ 40, ಋಣ 40 ವೋಲ್ಟ್ ಇರುತ್ತದೆ. ಹಾಡಿನ ಸದ್ದು ಏರಿ ಔಟ್‌ಪುಟ್ ಧನದ ಕಡೆಗೆ ಪೂರ್ತಿ ಹೋದಾಗ, ಋಣದ ಕಡೆಯ ಟ್ರಾನ್ಸಿಸ್ಟರಿನ ಮೇಲೆ ಹತ್ತಿರ ಹತ್ತಿರ 80 ವೋಲ್ಟ್ ಬೀಳುತ್ತದೆ. 2ಎನ್3055, ಎಂಜೆ2955 ಎರಡೂ ತಾಳುವುದು 60 ವೋಲ್ಟನ್ನು. ಅಂಗಡಿಯಲ್ಲಿ ಮೆಲ್ಲಗೆ ಹಾಡಿಸಿ ನೋಡಿದಾಗ ಪ್ರತಿಯೊಂದರ ಮೇಲೆ 40ರ ಆಸುಪಾಸು ಮಾತ್ರ ಇರುವುದರಿಂದ ಎಲ್ಲವೂ ಸರಿಯಾಗಿಯೇ ಇದ್ದಂತೆ ಕಾಣುತ್ತದೆ. ಜೋರು ಮಾಡಿದ ದಿನ ಮುಗಿಯಿತು.

ಹಾಗಾದರೆ ಕಾರಣ ಸಿಕ್ಕಿತು ಎನ್ನುವಂತಿರಲಿಲ್ಲ. ಮಾಸ್ತರರು ದೊಡ್ಡ ಸದ್ದಿನವರಲ್ಲ. ತಾಳಮದ್ದಲೆಯ ಕ್ಯಾಸೆಟ್‌ಗಳನ್ನು, ಬೆಳಗಿನ ಹೊತ್ತು ಹಿಂದೂಸ್ತಾನಿ ಗಾಯನವನ್ನು ಕೇಳುವವರು. ಜೊತೆಗೆ, ಕಾರ್ಖಾನೆಯಿಂದ ಬಂದ ಮೂಲ ಟ್ರಾನ್ಸಿಸ್ಟರ್‌ಗಳೂ ಸುಟ್ಟಿದ್ದವಲ್ಲ? ಫೋನು ಮಾಡಿ ಕೇಳಿದೆ: “ಸುಟ್ಟ ವಾಸನೆ ಬಂದಾಗ ಯಾವ ಹಾಡು ಬರುತ್ತಿತ್ತು?”

“ಯಾವುದೂ ಇಲ್ಲ. ಕ್ಯಾಸೆಟ್ ಮುಗಿದಿತ್ತು, ಊಟಕ್ಕೆ ಎದ್ದು ಹೋಗಿದ್ದೆ. ಮಳೆಗಾಲದಲ್ಲೇ ಹೀಗಾಗುತ್ತದೆ, ನೋಡಿ.”

ಆ ಉತ್ತರದಿಂದ ಅರ್ಧ ಕೆಲಸ ಮುಗಿಯಿತು. ಹಾಡಿಲ್ಲದಾಗ ಸುಡಬೇಕಾದರೆ ಬಯಾಸ್ ಕೆಟ್ಟಿರಬೇಕು.

ಸುಮ್ಮನಿರುವಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಅಲ್ಪ ಕರೆಂಟ್ ಹರಿಯುತ್ತಿರಬೇಕು. ಇಲ್ಲದಿದ್ದರೆ ಮೆಲುದನಿಯಲ್ಲಿ ಕರಕರ ಬೆರೆಯುತ್ತದೆ. ಈ ಅಲ್ಪ ಕರೆಂಟನ್ನು ನಿಗದಿಮಾಡುವುದೇ ಬಯಾಸ್. ಅದನ್ನು ಒಂದು ಸಣ್ಣ ಬಯಾಸ್ ಟ್ರಾನ್ಸಿಸ್ಟರ್ ಹತೋಟಿಯಲ್ಲಿಡುತ್ತದೆ. ಅದರ ಬೇಸ್‌ಗೆ ಸೇರಿರುವುದು ಒಂದು ಪ್ರಿಸೆಟ್‌ನ, ಅಂದರೆ ಸ್ಕ್ರೂಡ್ರೈವರಿನಿಂದ ತಿರುಗಿಸಿ ಹೊಂದಿಸುವ ಸಣ್ಣ ರೆಸಿಸ್ಟರಿನ, ನಡುಗಾಲು. ಆ ಪ್ರಿಸೆಟ್ ಮೇಲೆ ಮುಚ್ಚಳವಿಲ್ಲದ ಹಳೆಯ ಮಾದರಿಯದು, ನಲವತ್ತು ಮಳೆಗಾಲದ ಉಪ್ಪುಗಾಳಿ ಕುಡಿದದ್ದು. ಕಳಚಿ ಮುಳ್ಳಿನ ಮೀಟರಿಗೆ ಕೊಟ್ಟು ನಿಧಾನವಾಗಿ ತಿರುಗಿಸಿದೆ. ಡಿಜಿಟಲ್ ಮೀಟರಿನಲ್ಲಿ ಇಂಥ ದೋಷ ಅಂಕಿಗಳ ಗೊಂದಲದಲ್ಲಿ ತಪ್ಪಿಸಿಕೊಳ್ಳುತ್ತದೆ. ಮುಳ್ಳು ಮಾತ್ರ ಥಟ್ಟನೆ ಹಿಂದಕ್ಕೆ ಹಾರಿ ತೋರಿಸಿಬಿಡುತ್ತದೆ. ಹಾರಿತು. ನಡುಗಾಲಿನ ಸಂಪರ್ಕ ತಪ್ಪಿದ ಆ ಗಳಿಗೆಯಲ್ಲಿ ಬಯಾಸ್ ಟ್ರಾನ್ಸಿಸ್ಟರ್ ಕೆಲಸ ನಿಲ್ಲಿಸುತ್ತದೆ, ಔಟ್‌ಪುಟ್‌ನ ಎರಡೂ ಟ್ರಾನ್ಸಿಸ್ಟರ್‌ಗಳು ಪೂರ್ತಿ ತೆರೆದುಕೊಳ್ಳುತ್ತವೆ, ಧನದಿಂದ ಋಣಕ್ಕೆ ನೇರವಾಗಿ ಕರೆಂಟ್ ನುಗ್ಗುತ್ತದೆ. ಅಲ್ಲಿ ಯಾವ ನಂಬರಿನ ಟ್ರಾನ್ಸಿಸ್ಟರ್ ಇದ್ದರೂ ಅಷ್ಟೇ.

ಅದೇ ಜಾಗಕ್ಕೆ ಅಂಥದೇ ಹೊಸ ಪ್ರಿಸೆಟ್ ಹಾಕಲು ಮನಸ್ಸಾಗಲಿಲ್ಲ. ಮುಚ್ಚಿದ, ಹಲವು ಸುತ್ತು ತಿರುಗುವ ಪ್ರಿಸೆಟ್ ತಂದು, ಅದನ್ನು ಬಯಾಸ್ ಟ್ರಾನ್ಸಿಸ್ಟರಿನ ಬೇಸ್‌ಗೂ ಎಮಿಟರಿಗೂ ನಡುವೆ ಬರುವಂತೆ ಜೋಡಿಸಿದೆ. ಕಲೆಕ್ಟರಿನಿಂದ ಬೇಸ್‌ಗೆ ಬದಲಾಗದ ರೆಸಿಸ್ಟರ್ ಹಾಕಿದೆ. ಹೀಗಿದ್ದರೆ ಮುಂದೊಂದು ದಿನ ಪ್ರಿಸೆಟ್ ಕೈಕೊಟ್ಟರೂ ಬಯಾಸ್ ಏರುವ ಬದಲು ಇಳಿಯುತ್ತದೆ. ದನಿ ಸ್ವಲ್ಪ ಒರಟಾದೀತು, ಬೆಂಕಿ ಹತ್ತುವುದಿಲ್ಲ.

ಔಟ್‌ಪುಟ್‌ಗೆ ಎಂಜೆ15003, ಎಂಜೆ15004 ಜೋಡಿಯನ್ನು ಆರಿಸಿದೆ: 140 ವೋಲ್ಟ್, 20 ಆಂಪಿಯರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪರಿಚಯದ ಅಂಗಡಿಯಿಂದಲೇ ತರಿಸಿಕೊಂಡೆ. ಈ ನಂಬರುಗಳಲ್ಲಿ ನಕಲಿ ಮಾಲು ಬೇಕಾದಷ್ಟಿದೆ. ಅಗ್ಗಕ್ಕೆ ಸಿಕ್ಕ ಒಂದರ ಟೋಪಿಯನ್ನು ಗರಗಸದಿಂದ ಕೊಯ್ದು ನೋಡಿದ್ದುಂಟು. ಒಳಗಿನ ಸಿಲಿಕಾನ್ ಚೂರು ಅಸಲಿಯದರ ಕಾಲು ಭಾಗದಷ್ಟೂ ಇರಲಿಲ್ಲ. ಮೀಟರಿನಲ್ಲಿ ಅದು ಚೆನ್ನಾಗಿಯೇ ತೋರಿಸುತ್ತಿತ್ತು.

ಈ ಟ್ರಾನ್ಸಿಸ್ಟರಿನ ಹೊರಮೈಯೇ ಕಲೆಕ್ಟರ್. ಆದ್ದರಿಂದ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್‌ಗೂ ಅದಕ್ಕೂ ನಡುವೆ ಕರೆಂಟ್ ತಡೆಯುವ ಅಭ್ರಕದ ಹಾಳೆ ಬೇಕು. ಹೊಸ ಹಾಳೆ, ಎರಡೂ ಮೈಗೆ ತೆಳುವಾಗಿ ಬಿಸಿ ದಾಟಿಸುವ ಪೇಸ್ಟ್. ಬಿಗಿದ ಮೇಲೆ ಹೊರಮೈಗೂ ಹೀಟ್‌ಸಿಂಕ್‌ಗೂ ಸಂಪರ್ಕವಿಲ್ಲವೆಂದು ಮೀಟರಿನಲ್ಲಿ ಖಾತರಿ ಮಾಡಿಕೊಂಡೆ. ಡ್ರೈವರ್‌ಗಳನ್ನೂ ಎಮಿಟರ್ ರೆಸಿಸ್ಟರ್‌ಗಳನ್ನೂ ಜೋಡಿಯಾಗಿಯೇ ಬದಲಿಸಿದೆ, ಎದ್ದ ಗೆರೆಯ ಜಾಗದಲ್ಲಿ ತಂತಿ ಬೆಸೆದೆ, ಸ್ಪೀಕರನ್ನು ಜೋಡಿಸಿ ಬಿಡಿಸುವ ಸ್ವಿಚ್ಚಾದ ರಿಲೇಯ ಸಂಪರ್ಕಗಳು ಕಪ್ಪಾಗಿದ್ದರಿಂದ ಅದನ್ನೂ ಹೊಸದು ಹಾಕಿದೆ.

ಮೊದಲ ಸಲ ಕರೆಂಟ್ ಕೊಡುವುದು ಸೀರೀಸ್ ಬಲ್ಬಿನ ಮೂಲಕವೇ, ಅಂದರೆ ಕರೆಂಟ್ ಬರುವ ವೈರಿನ ನಡುವೆ ಬಲ್ಬೊಂದನ್ನು ಸೇರಿಸಿ, ಸ್ಪೀಕರ್ ಜೋಡಿಸದೆ. ಇದಕ್ಕೆ ತಂತಿಯ ಬಲ್ಬೇ ಬೇಕು, ಎಲ್‌ಇಡಿ ನಡೆಯುವುದಿಲ್ಲ. ಅಂಗಡಿಗಳಲ್ಲಿ ಅದೀಗ ಅಪರೂಪ. ಕೋಳಿಮರಿಗಳನ್ನು ಬೆಚ್ಚಗಿಡಲು ಮಾರುವ 100 ವಾಟ್‌ನ ಬಲ್ಬನ್ನು ನಾನು ತಂದಿಟ್ಟುಕೊಂಡಿದ್ದೇನೆ. ಬಲ್ಬು ಒಮ್ಮೆ ಉರಿದು ಮಂಕಾಯಿತು. ಉರಿಯುತ್ತಲೇ ಇದ್ದಿದ್ದರೆ ಒಳಗೆ ಇನ್ನೂ ಶಾರ್ಟ್ ಇದೆ ಎಂದರ್ಥ. ಸ್ಪೀಕರ್ ತುದಿಯಲ್ಲಿ ಡಿಸಿ 20 ಮಿಲಿವೋಲ್ಟಿಗೂ ಕಡಿಮೆ ಇತ್ತು. 50ರ ಒಳಗಿದ್ದರೆ ನನಗೆ ತಕರಾರಿಲ್ಲ. ಬಲ್ಬು ತೆಗೆದು, ಎಮಿಟರ್ ರೆಸಿಸ್ಟರಿನ ಎರಡು ತುದಿಗಳ ನಡುವೆ 10 ಮಿಲಿವೋಲ್ಟ್ ಬರುವಂತೆ ಪ್ರಿಸೆಟ್ ತಿರುಗಿಸಿದೆ, ಅಂದರೆ ಸುಮಾರು 30 ಮಿಲಿಆಂಪಿಯರ್. ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಮತ್ತೆ ಸರಿಪಡಿಸಿದೆ. ಹಿಂಬದಿಯ ವೋಲ್ಟೇಜ್ ಸೆಲೆಕ್ಟರ್ 220ರಲ್ಲಿತ್ತು. ನಮ್ಮಲ್ಲಿ ರಾತ್ರಿ ವೋಲ್ಟೇಜ್ ಏರುವುದರಿಂದ 240ಕ್ಕೆ ಸರಿಸಿದೆ.

ಎಡಭಾಗದ ಮೂಲ ಟ್ರಾನ್ಸಿಸ್ಟರ್‌ಗಳು ಗಟ್ಟಿಯಾಗಿದ್ದವು. ಎರಡೂ ಕಡೆ ಒಂದೇ ಇರಬೇಕೆಂದು ಒಳ್ಳೆಯದನ್ನೂ ಕಿತ್ತು ಹಾಕುವವರಿದ್ದಾರೆ, ನನಗದು ಸರಿಕಾಣುವುದಿಲ್ಲ. ಆದರೆ ಎಡಭಾಗದ ಪ್ರಿಸೆಟ್ಟನ್ನು ಮೀಟರಿಗೆ ಕೊಟ್ಟಾಗ ಮುಳ್ಳು ಅಲ್ಲಿಯೂ ಹಾರಿತು. ಅದನ್ನೂ ಹೊಸ ಕ್ರಮದಲ್ಲಿ ಜೋಡಿಸಿದೆ. ವಾಲ್ಯೂಮ್ ತಿರುಗಿಸುವಾಗಿನ ಕರಕರ ಪೂರ್ತಿ ಹೋಗಲಿಲ್ಲ, ಆ ಭಾಗ ಈಗ ಸಿಗುವುದಿಲ್ಲ. ಮಳೆಗಾಲದಲ್ಲಿ ಬಟ್ಟೆ ಹೊದಿಸಿ ಮೂಲೆಗಿಡದೆ ದಿನವೂ ಸ್ವಲ್ಪ ಹೊತ್ತು ಹಾಡಿಸಲು ಮಾಸ್ತರರಿಗೆ ಹೇಳಿದ್ದೇನೆ. ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿದ್ದೇನೆ: ಟ್ರಾನ್ಸಿಸ್ಟರ್ ನಂಬರುಗಳು, ಬಯಾಸ್ 10 ಮಿಲಿವೋಲ್ಟ್, ಫ್ಯೂಸ್ 4 ಆಂಪಿಯರ್, ತಂತಿ ಸುತ್ತಬೇಡಿ.