ಹಸುಗೂಸಿನ ಕಾಮಾಲೆಯಲ್ಲಿ ನಾನು ಓದದೆ ಬಿಟ್ಟಿದ್ದ ಅಂಕಿ

ಮಕ್ಕಳ ವೈದ್ಯನಾಗಿ ಮೊದಲ ಕೆಲವು ವರ್ಷ ನಾನು ಹಸುಗೂಸುಗಳ ಕಾಮಾಲೆಯನ್ನು ಒಂದೇ ಅಂಕಿಯಿಂದ ಅಳೆಯುತ್ತಿದ್ದೆ. ಮೈಯನ್ನು ಹಳದಿಯಾಗಿಸುವ ಬಿಲಿರುಬಿನ್ ರಕ್ತದಲ್ಲಿ ಒಟ್ಟು ಎಷ್ಟಿದೆ, ಫೋಟೋಥೆರಪಿ (ಬೆಳಕಿನ ಚಿಕಿತ್ಸೆ) ಬೇಕಾಗುವ ಮಟ್ಟವನ್ನು ಅದು ಮುಟ್ಟಿದೆಯೇ ಎಂದು ನೋಡುವುದು, ಮುಟ್ಟಿಲ್ಲದಿದ್ದರೆ ಮನೆಗೆ ಕಳುಹಿಸುವುದು, ಇಷ್ಟೇ. ಈ ವಾಡಿಕೆಯ ದೋಷ ಅರಿವಾದದ್ದು ಎಪ್ಪತ್ತು ದಿನ ದಾಟಿದ್ದ ಒಂದು ಕೂಸಿನಿಂದ. ತೂಕ ಏರುತ್ತಿತ್ತು, ಹಾಲು ಚೆನ್ನಾಗಿ ಕುಡಿಯುತ್ತಿತ್ತು, ಮಾತನಾಡಿಸಿದರೆ ನಗುತ್ತಿತ್ತು. ಕಣ್ಣು ಮಾತ್ರ ಹಳದಿ. ಮೂರನೆಯ ವಾರದಲ್ಲಿ ನಾನೇ ಆ ತಾಯಿಗೆ, "ಇದು ಎದೆಹಾಲಿನ ಕಾಮಾಲೆ, ತಾನಾಗಿ ಇಳಿಯುತ್ತದೆ" ಎಂದು ಹೇಳಿ ಕಳುಹಿಸಿದ್ದೆ. ಅದು ಬಿಲಿಯರಿ ಅಟ್ರೇಸಿಯಾ ಆಗಿತ್ತು.

ಈ ರೋಗದಲ್ಲಿ ಯಕೃತ್ತಿನಿಂದ ಕರುಳಿಗೆ ಪಿತ್ತವನ್ನು ಒಯ್ಯುವ ನಾಳಗಳು ಮುಚ್ಚಿಹೋಗುತ್ತವೆ. ಹೊರಹೋಗಲಾರದ ಪಿತ್ತ ಯಕೃತ್ತನ್ನೇ ಹಾಳುಗೆಡವುತ್ತದೆ. ಜಪಾನಿನ ಮೊರಿಯೊ ಕಸಾಯ್ 1950ರ ದಶಕದಲ್ಲಿ ರೂಪಿಸಿದ ಶಸ್ತ್ರಚಿಕಿತ್ಸೆಯಲ್ಲಿ ಮುಚ್ಚಿದ ನಾಳವನ್ನು ತೆಗೆದು, ಸಣ್ಣ ಕರುಳನ್ನು ನೇರವಾಗಿ ಯಕೃತ್ತಿನ ದ್ವಾರಕ್ಕೆ ಜೋಡಿಸುತ್ತಾರೆ. ಅರವತ್ತು ದಿನದೊಳಗೆ, ಸಾಧ್ಯವಾದರೆ ಇನ್ನೂ ಮುಂಚೆ, ಇದನ್ನು ಮಾಡಿದಾಗ ಪಿತ್ತ ಹರಿಯುವ ಸಾಧ್ಯತೆ ಹೆಚ್ಚು. ನನ್ನ ಆ ಕೂಸಿಗೆ ತಡವಾಗಿತ್ತು. ಮುಂದೆ ಯಕೃತ್ತಿನ ಕಸಿಯೇ ಬೇಕಾಯಿತು.

ಆ ಬಳಿಕ ನಮ್ಮ ವಾರ್ಡಿನಲ್ಲಿ ಎರಡು ಹಂತದ ತಪಾಸಣೆಯನ್ನು ಶುರುಮಾಡಿದೆವು. ಈ ಕ್ರಮವನ್ನು ಟೆಕ್ಸಾಸಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳಲ್ಲಿ ಪರೀಕ್ಷಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಗಿದೆ. ಹುಟ್ಟಿದ ಮೊದಲ ಎರಡು ಮೂರು ದಿನಗಳಲ್ಲಿ ಹೇಗೂ ತೆಗೆಯುವ ರಕ್ತದಲ್ಲೇ ಡೈರೆಕ್ಟ್ ಬಿಲಿರುಬಿನ್ ಅನ್ನೂ, ಅಂದರೆ ಯಕೃತ್ತು ಸಂಸ್ಕರಿಸಿ ಪಿತ್ತದೊಡನೆ ಹೊರಹಾಕಬೇಕಾದ ಭಾಗವನ್ನೂ, ಅಳೆಯುವುದು. ಪಿತ್ತದ ದಾರಿ ಮುಚ್ಚಿದಾಗ ಏರುವುದು ಇದೇ. ಅದು ಆ ಲ್ಯಾಬಿನ ಸಾಮಾನ್ಯ ಮಿತಿಯನ್ನು ಮೀರಿದ್ದರೆ ಎರಡನೆಯ ವಾರದಲ್ಲಿ ಮತ್ತೆ ನೋಡುವುದು. ಆಗಲೂ ಡೆಸಿಲೀಟರಿಗೆ 1 ಮಿಲಿಗ್ರಾಂ ದಾಟಿದ್ದರೆ ಕಾಯದೆ ತಜ್ಞರ ಬಳಿ ಕಳುಹಿಸುವುದು. ಯಂತ್ರದಿಂದ ಯಂತ್ರಕ್ಕೆ ಮಿತಿ ಬದಲಾಗುವುದರಿಂದ ಬೇರೆಯವರ ಅಂಕಿಯನ್ನು ಎತ್ತಿ ತಂದು ಇಟ್ಟುಕೊಳ್ಳುವಂತಿಲ್ಲ.

ರಕ್ತ ತೆಗೆಯುವುದಕ್ಕಿಂತ ಹಳೆಯ ಲೆಕ್ಕವೊಂದನ್ನು ಬಿಡಿಸುವುದೇ ಕಷ್ಟವಾಯಿತು. ಡೈರೆಕ್ಟ್ ಭಾಗ ಒಟ್ಟಿನ ಶೇಕಡಾ 20ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ ಎಂದು ನಾವೆಲ್ಲ ಕಲಿತಿದ್ದೆವು. ಒಟ್ಟು 8, ಡೈರೆಕ್ಟ್ 1.2 ಇದ್ದರೆ ಶೇಕಡಾ 15 ಆಯಿತು, ಸರಿಯಿದೆ ಎನ್ನುವ ಲೆಕ್ಕವದು. ಎರಡು ವಾರದ ಮಗುವಿನಲ್ಲಿ ಅದು ಸರಿಯಿಲ್ಲ. ಒಟ್ಟು ಎಷ್ಟೇ ಇರಲಿ, ಡೈರೆಕ್ಟ್ 1 ದಾಟಿದರೆ ಕಾರಣ ಹುಡುಕಲೇಬೇಕು.

ಮರುಪರೀಕ್ಷೆಗೆ ಕರೆಸಿದ ಬಹುಪಾಲು ಮಕ್ಕಳ ಅಂಕಿ ಇಳಿದಿರುತ್ತದೆ. ಹಾಗಾಗಿ ಮೊದಲ ಕರೆಯಲ್ಲೇ ಲಿವರ್ ಕಾಯಿಲೆ ಎಂಬ ಮಾತನ್ನು ಎತ್ತದೆ, "ಒಂದು ಅಂಕಿಯನ್ನು ಇನ್ನೊಮ್ಮೆ ನೋಡಬೇಕಿದೆ, ಇದೇ ದಿನ ಕರೆತನ್ನಿ" ಎಂದಷ್ಟೇ ಹೇಳಲು ನರ್ಸ್‌ಗಳೊಡನೆ ಕುಳಿತು ಅಭ್ಯಾಸ ಮಾಡಿಕೊಂಡೆವು.

ಇದರ ಜೊತೆಗೆ, ಮಗುವಿನ ಮಲವನ್ನು ಹೋಲಿಸಿ ನೋಡಲು ಮಲದ ಬಣ್ಣದ ಕಾರ್ಡನ್ನೂ ತಾಯಂದಿರಿಗೆ ಕೊಡುತ್ತೇವೆ; ಪಿತ್ತ ಕರುಳಿಗೆ ಇಳಿಯದಿದ್ದರೆ ಮಲ ಬಿಳಿಚುತ್ತದೆ. ತೈವಾನ್ 2004ರಿಂದ ಇದನ್ನು ದೇಶದಾದ್ಯಂತ ಬಳಸುತ್ತಿದೆ. ಒಮ್ಮೆ ಒಬ್ಬ ತಾಯಿ ಡಯಾಪರ್ ಬಿಚ್ಚಿ, "ಹಳದಿಯೇ ಇದೆಯಲ್ಲ ಡಾಕ್ಟ್ರೇ" ಎಂದರು. ದೀಪದ ಬೆಳಕಿನಲ್ಲಿ ನನಗೂ ಹಾಗೆಯೇ ಕಂಡಿತು. ಕಿಟಕಿಯ ಬಳಿ ಒಯ್ದು ಕಡ್ಡಿಯಿಂದ ಬಿಡಿಸಿದಾಗ ಹಳದಿ ಮೇಲ್ಪದರದಲ್ಲಷ್ಟೇ ಇತ್ತು, ಒಳಗೆ ಸುಣ್ಣದ ಹಿಟ್ಟಿನಂತೆ ಬಿಳಿ. ಅಂದಿನಿಂದ ಮಲವನ್ನು ಹಗಲಿನ ಬೆಳಕಿನಲ್ಲೇ ನೋಡುತ್ತೇನೆ, ಮೂತ್ರ ಬಟ್ಟೆಯ ಮೇಲೆ ಹಳದಿ ಕಲೆ ಬಿಡುತ್ತದೆಯೇ ಎಂದೂ ಕೇಳುತ್ತೇನೆ.

ಆದರೆ ಕಾರ್ಡೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ನಮ್ಮ ತಪಾಸಣೆಯಲ್ಲಿ ಸಿಕ್ಕ ಒಂದು ಮಗುವಿನ ಡೈರೆಕ್ಟ್ ಎರಡನೆಯ ದಿನ 0.7, ಹದಿನಾಲ್ಕನೆಯ ದಿನ 1.4 ಇತ್ತು, ಮಲಕ್ಕೆ ಆಗಲೂ ಬಣ್ಣವಿತ್ತು. ಅದಕ್ಕೆ ನಲವತ್ತು ದಿನ ತುಂಬುವ ಮೊದಲೇ ಶಸ್ತ್ರಚಿಕಿತ್ಸೆಯಾಯಿತು. ಆ ವಾರವೇ ನಮ್ಮ ಲ್ಯಾಬ್ ಚೀಟಿಯಿಂದ "ಒಟ್ಟು ಬಿಲಿರುಬಿನ್ ಮಾತ್ರ" ಎಂಬ ಸಾಲನ್ನು ತೆಗೆಸಿದೆ.