ಅಟ್ಟದ ಮಾವು ಕೊಳೆಯದಂತೆ ಮಾಡಿದ್ದು: ನನ್ನ ಅನುಭವ

ತೀರ್ಥಹಳ್ಳಿ ಕಡೆ ಮಾವು ಕೊಯ್ಯುವ ಹೊತ್ತಿಗೇ ಮಳೆ ಹಿಡಿಯುತ್ತದೆ. ಔಷಧಿ ಹೊಡೆಯದ ನಮ್ಮ ಹಣ್ಣು ಅಟ್ಟದಲ್ಲಿ ಮಾಗುವಷ್ಟರಲ್ಲಿ ಕಪ್ಪು ಚುಕ್ಕೆ ಎದ್ದು ಕೊಳೆಯುತ್ತಿತ್ತು. ಅಟ್ಟದ ತೇವವೇ ಕಾರಣ ಅಂದುಕೊಂಡಿದ್ದೆ. ಅಷ್ಟೇ ಅಲ್ಲ, ಇದು ಚಿಬ್ಬು ರೋಗ. ಶಿಲೀಂಧ್ರ ಮರದಲ್ಲೇ ಕಾಯಿಗೆ ಸೇರಿ, ಹಣ್ಣಾಗುವವರೆಗೆ ಸುಮ್ನೆ ಅಡಗಿರುತ್ತದೆ.

ಈ ಸಲ ಕೊಯ್ದ ದಿನವೇ ಬಿಸಿನೀರಲ್ಲಿ ಅದ್ದಿದೆ. 52 ಡಿಗ್ರಿ ಸೆಲ್ಸಿಯಸ್, 5 ನಿಮಿಷ. ಹಂಡೆ ನೀರನ್ನು ಕೈಯಲ್ಲಿ ಮುಟ್ಟಿ ಅಂದಾಜು ಮಾಡಬೇಡಿ, ಥರ್ಮಾಮೀಟರ್ ಬೇಕೇ ಬೇಕು. ಬಿಸಿ ಜಾಸ್ತಿಯಾದರೆ ಸಿಪ್ಪೆ ಸುಡುತ್ತದೆ. ಕಾಯಿ ಹಾಕಿದ ಕೂಡಲೇ ನೀರು ತಣಿಯುತ್ತದೆ ಅಲ್ವಾ, ಅದಕ್ಕೇ ಸ್ವಲ್ಪ ಸ್ವಲ್ಪವೇ ಹಾಕಿದೆ. ಆಮೇಲೆ ನೆರಳಲ್ಲಿ ಚೆನ್ನಾಗಿ ಆರಿಸಿ, ಒಂದಕ್ಕೊಂದು ತಾಗದಂತೆ ಒಣಹುಲ್ಲಿನ ಮೇಲೆ ಇಟ್ಟೆ. ಪೆಟ್ಟು ಬಿದ್ದದ್ದನ್ನು ಮೊದಲೇ ಗೊಜ್ಜಿಗೆ ಕೊಟ್ಟಿದ್ದೆ. ಅಟ್ಟ ಹತ್ತಿದರೆ ಈಗ ಹಣ್ಣಿನ ಪರಿಮಳ ಮಾತ್ರ.